ಮಸ್ಕಿಯ ಬಂಡೆಗೆ ಒರಗಿ ಕೂತ ಹಿರಿಯ

ಬಸ್ಸು ಸಿಂಧನೂರು ಬಿಟ್ಟು ಊರ ಹೊರಗಿನ ಅಕ್ಕಿ ಗಿರಣಿಗಳನ್ನು ದಾಟುವಾಗ ಕಿಟಕಿಯಿಂದ ಬೇಯಿಸಿದ ಭತ್ತದ ವಾಸನೆ ನುಗ್ಗಿತು. ಬೆಚ್ಚಗೆ, ತುಸು ಹುಳಿ, ಹೊಟ್ಟಿನ ಹೊಗೆ ಬೆರೆತದ್ದು. ಇದೇ ಊರಲ್ಲಿ ಹುಟ್ಟಿ ಬೆಳೆದವಳಿಗೆ ಆ ವಾಸನೆ ಹಸಿವು ತರಬೇಕು. ನನಗೆ ತರುವುದು ಗಗನನೌಕೆಯ ನೆನಪು. ಒಂದು ಕಾಲಕ್ಕೆ ಇಲ್ಲಿಯ ಮುಚ್ಚಿದ ಗಿರಣಿಯೊಂದರ ಒಳಗೆ ನೌಕೆ ನಿಂತಿತ್ತು. ಅದರ ಗೋಡೆಗಳನ್ನು ಎಷ್ಟು ಒರೆಸಿದರೂ ತೌಡು ಬರುತ್ತಿತ್ತು. ನಾನು ಆ ನೌಕೆಗೆ ವಿಜ್ಞಾನ ಸಲಹೆಗಾರ್ತಿಯಾಗಿದ್ದೆ. ಹಾಗಂತ ಹೇಳಿ ಒಂದು ಟಿ.ವಿ. ಧಾರಾವಾಹಿಯವರು ಕರೆದಿದ್ದರು.

ಈ ಸಲ ಮಸ್ಕಿಗೆ ಹೊರಟದ್ದು ನನ್ನ ಆಸೆಯಿಂದಲ್ಲ. ಆ ಧಾರಾವಾಹಿಯ ನಿರ್ದೇಶಕ ಕಿರಣ್ ಫೋನು ಮಾಡಿದ್ದ. ಧಾರಾವಾಹಿ ಇನ್ನೂ ನಡೆಯುತ್ತಿದೆ, ಆದ್ದರಿಂದ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಎಲ್ಲರೂ ಅದನ್ನು ಗ್ರಹದ ಸೀರಿಯಲ್ ಎನ್ನುತ್ತಾರೆ.

"ಮೇಡಂ, ನಮ್ಮ ಹಿರಿಯರನ್ನ ಈಗ ಎಬ್ಬಿಸಬೇಕು ಅಂತಿದೀವಿ. ಮುಖ, ದನಿ ಎಲ್ಲಾ ಕಂಪ್ಯೂಟರಲ್ಲಿ ಮಾಡ್ತಾರೆ. ಮನೆಯವರು ಒಪ್ಪಬೇಕು ಅಷ್ಟೇ. ನೀವು ಕೇಳಿದ್ರೆ ಬೇಡ ಅನ್ನಲ್ಲ" ಎಂದ.

ಹಿರಿಯ ಎಂದರೆ ಆ ಪಾತ್ರ ಮಾಡಿದ್ದ ಮಸ್ಕಿಯ ಬಟ್ಟೆ ಅಂಗಡಿಯ ಅಮರೇಶಪ್ಪ. ಅವರು ತೀರಿಕೊಂಡು ವರ್ಷ ಆಗಿತ್ತು. ಕೇಳಬೇಕಾದದ್ದು ಅವರ ಹೆಂಡತಿ ಗೌರಮ್ಮನವರನ್ನು. ಆಕೆ ಹೂಂ ಅಂದರೆ ಮಣ್ಣಿಗೆ ಹೋದ ಗಂಡ ಟಿ.ವಿ.ಯಲ್ಲಿ ಎದ್ದು ನಿಂತು ಮಾತಾಡುತ್ತಾರೆ. ಇದನ್ನೇ ಆಕೆ ಒಂದು ಕಾಲಕ್ಕೆ ನಮ್ಮನ್ನು ಬೆನ್ನು ಹತ್ತಿ ಕೇಳಿದ್ದರು. ಹಾಗಿದ್ದ ಮೇಲೆ ನನಗೆ ಬಸ್ಸಿನಲ್ಲಿ ಅಷ್ಟೊಂದು ಕಸಿವಿಸಿ ಯಾಕೆ ಆಗಬೇಕಿತ್ತೋ ಗೊತ್ತಿಲ್ಲ. ಆ ಧಾರಾವಾಹಿಯ ವಿಷಯದಲ್ಲಿ ನನಗೆ ಯಾವುದೂ ಸರಿಯಾಗಿ ಗೊತ್ತಿದ್ದ ದಿನವೇ ಇಲ್ಲ.

ಗಿರಣಿಯಲ್ಲಿ ನೌಕೆ ನಿಂತ ವರ್ಷ ಲಿಂಗಸುಗೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರಕ್ಕೆ ಮಕ್ಕಳೇ ಸೇರಲಿಲ್ಲ. ಅತಿಥಿ ಉಪನ್ಯಾಸಕಿಯಾಗಿದ್ದ ನಾನು ಅತಿಥಿಯೂ ಅಲ್ಲ, ಉಪನ್ಯಾಸಕಿಯೂ ಅಲ್ಲ ಎಂದಾಗಿ ಸಿಂಧನೂರಿನ ಮನೆಯಲ್ಲಿ ಅವ್ವನ ಬೈಗುಳ ತಿನ್ನುತ್ತ ಕೂತಿದ್ದೆ. ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಗ್ರಹದ ಸೀರಿಯಲ್‌ನವರು ನಮ್ಮ ಕಡೆ ಬಂದರು. ಅದಾಗಲೇ ವರ್ಷಗಟ್ಟಲೆ ಓಡಿದ್ದ ಧಾರಾವಾಹಿ. ನಾಯಕಿ ಮೂರನೆಯವಳು, ನೌಕೆ ಎರಡನೆಯದು. ಮಸ್ಕಿಯ ಬಂಡೆಗುಡ್ಡ ಅವರಿಗೆ ಹೊಸ ಗ್ರಹವಾಯಿತು. ಗೊರೇಬಾಳದ ಕಾಲುವೆ ನೀರಿನ ಗದ್ದೆಗಳು ಕಳೆದುಹೋದ ಭೂಮಿಯಾದವು. ಲಿಂಗಸುಗೂರಿನ ಲಾಡ್ಜಿನಲ್ಲಿ ಅವರ ಬಿಡಾರ. ಹೀಗೆ ಒಂದೇ ಬಸ್ಸಿನ ದಾರಿಯಲ್ಲಿ ಭೂಮಿ, ಆಕಾಶ, ಬೇರೆ ಗ್ರಹ ಮೂರೂ ಸಿಕ್ಕಿದ್ದು ನಿರ್ಮಾಪಕರಿಗೆ ಬಹಳ ಅನುಕೂಲವಾಯಿತು.

ಮೊದಲ ದಿನವೇ ನಾನು ಗತ್ತಿನಿಂದ, ಗಾಳಿಯಿಲ್ಲದ ಕಡೆ ಸದ್ದು ಕೇಳಿಸುವುದಿಲ್ಲ ಎಂದು ಹೇಳಿದೆ. ಕಿರಣ್ ಕಣ್ಣರಳಿಸಿ, "ಸೂಪರ್ ಪಾಯಿಂಟ್ ಮೇಡಂ" ಎಂದ. ಆಮೇಲೆ ನೌಕೆ ಸ್ಫೋಟಿಸಿದಾಗ ಮೊದಲಿಗಿಂತ ಜೋರು ಸದ್ದು ಹಾಕಿಸಿದ. ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು. ಬದಲಿಗೆ ಇನ್ನೊಂದು ಕೆಲಸ ಕೊಟ್ಟರು: ಯಾರ ಯಾವ ಕೈಗೆ ಪಟ್ಟಿ ಕಟ್ಟಿದೆ, ಯಾರ ಹಣೆಯ ಗಾಯ ಎಷ್ಟು ಒಣಗಿದೆ, ಯಾರು ಸತ್ತಿದ್ದಾರೆ, ಯಾರು ಇದ್ದಾರೆ ಎಂದು ಮೊಬೈಲಿನಲ್ಲಿ ಫೋಟೋ ಹಿಡಿದು ನೆನಪಿಟ್ಟು, ಮುಂದಿನ ದೃಶ್ಯಕ್ಕೆ ಹೊಂದಿಸಿ ಹೇಳುವುದು.

ಕೇಳಿದರೆ ಸುಲಭ. ಆದರೆ ಅವರು ಕಥೆಯನ್ನು ಹಿಂದುಮುಂದಾಗಿ ತೆಗೆಯುತ್ತಿದ್ದರು. ಬೆಳಿಗ್ಗೆ ಮಸ್ಕಿಯಲ್ಲಿ ಗಾಯ ಮಾಯುವುದು, ಮಧ್ಯಾಹ್ನ ಸಿಂಧನೂರಿನ ಗಿರಣಿಯಲ್ಲಿ ಅದೇ ಗಾಯ ಆಗುವುದು. ಸಾಲದ್ದಕ್ಕೆ ಕಥೆಯೇ ಕಾಲದಲ್ಲಿ ಹಿಂದೆ ಮುಂದೆ ಓಡಾಡುವಂಥದ್ದು. ದೂರದಲ್ಲಿ ಕೂತು ಕಥೆ ಬರೆಯುವವರು ಆವತ್ತಿನ ಮಾತುಗಳನ್ನು ಆವತ್ತೇ ಫೋನಿಗೆ ಕಳಿಸುತ್ತಿದ್ದರು. "ಈಕೆ ಈಗ ತಾಯಿಯೋ ಮಗಳೋ?" ಎಂದು ನಾಯಕಿಯ ಬಗ್ಗೆ ನಾನು ಕೇಳಿದರೆ ಕಿರಣ್ ಒಂದು ಹೇಳುತ್ತಿದ್ದ, ಕ್ಯಾಮೆರಾದವನು ಇನ್ನೊಂದು ಹೇಳುತ್ತಿದ್ದ, ಆಕೆಯನ್ನೇ ಕೇಳಿದರೆ "ಊಟ ಆದ್ಮೇಲೆ ಹೇಳ್ತಾರಂತೆ" ಎನ್ನುತ್ತಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿಯ ನಡುವೆ ಕರುವಿನ ಬಣ್ಣ ನೆನಪಿಡುವವಳು ನಾನು. ಗೊರೇಬಾಳದ ದಾರಿಯಲ್ಲಿ ಕೆಲಸವಿಲ್ಲದೆ ನಿಂತಿದ್ದ ಭತ್ತ ಕೊಯ್ಯುವ ಯಂತ್ರವೂ ಒಂದು ದಿನ ನೀಲಿ ಬಣ್ಣ ಬಳಿಸಿಕೊಂಡು ಶತ್ರುಗಳ ವಾಹನವಾಯಿತು. ಮಾಲೀಕ ಸುಗ್ಗಿಯವರೆಗೂ ಬಣ್ಣ ತೆಗೆಯಲಿಲ್ಲ.

ಅಮರೇಶಪ್ಪನವರು ಬಂದದ್ದು ಬಟ್ಟೆ ಕೊಡಲು. ಗ್ರಹದ ಜನರಿಗೆ ಉಡಿಸಲು ನೀಲಿ ಬಟ್ಟೆ ಬೇಕಿತ್ತು; ಅವರ ಅಂಗಡಿಯಲ್ಲಿ ಲಂಗದ ಒಳಗೆ ಹಾಕುವ ಅಸ್ತರಿನ ಬಟ್ಟೆ ಥಾನುಗಟ್ಟಲೆ ಬಿದ್ದಿತ್ತು. ಎತ್ತರದ ಆಳು, ಬಿಳಿ ಮೀಸೆ, ಅಗಲ ಹಣೆ. ಕಿರಣ್ ಬಟ್ಟೆ ನೋಡುವುದು ಬಿಟ್ಟು ಅವರನ್ನೇ ನೋಡಿದ. ಅವರೂ ಪ್ರಾಯದಲ್ಲಿ ಊರ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿದವರು. ಎರಡು ಮೂರು ದಿನದ ಕೆಲಸವೆಂದು ನೀಲಿ ಬಟ್ಟೆ ಉಟ್ಟವರು ಗ್ರಹದ ಹಿರಿಯರಾಗಿ ನಿಂತೇಬಿಟ್ಟರು. ನನ್ನನ್ನು ಟೀಚರ್ರೇ ಎಂದು ಕರೆಯುತ್ತಿದ್ದರು. ಆ ಗದ್ದಲದಲ್ಲಿ ನನಗೆ ಅರ್ಥವಾಗುತ್ತಿದ್ದ ಮನುಷ್ಯ ಅವರೊಬ್ಬರೇ.

ಅವರು ಬಣ್ಣ ಹಚ್ಚಿದ ಮರುದಿನ ಗೌರಮ್ಮ ಬುತ್ತಿ ಹಿಡಿದು ಗುಡ್ಡಕ್ಕೆ ಬಂದರು. ಸಜ್ಜಿ ರೊಟ್ಟಿ, ಪುಂಡಿಪಲ್ಲೆ. ಎಲ್ಲರಿಗೂ ಬಡಿಸಿ, ಕೈ ತೊಳೆದು, ಕಿರಣ್ ಮುಂದೆ ಕೂತರು.

"ಹ್ವಾದ ವರ್ಷ ಇವರಿಗೆ ಎದಿ ಆಪರೇಷನ್ ಆಗೈತ್ರಿ. ದವಾಖಾನ್ಯಾಗ ನಾ ಏನು ಕಂಡೀನಿ ಅನ್ನೂದು ನನಗ ಗೊತ್ತು. ಬಣ್ಣ ಹಚ್ರಿ, ಮೀಸಿ ತಿರುವ್ರಿ, ಏನರ ಮಾಡ್ರಿ. ಸಾಯೋ ಪಾರ್ಟ್ ಮಾತ್ರ ಬ್ಯಾಡ. ನಾ ಅದನ್ನ ನೋಡಂಗಿಲ್ಲ."

"ಖಂಡಿತ ಇಲ್ಲ ಅಮ್ಮ. ಹಿರಿಯರು ಸಾಯಲ್ಲ. ಪ್ರಾಮಿಸ್" ಎಂದ ಕಿರಣ್. ನಾನು ಅದನ್ನೂ ನೆನಪಿಡಬೇಕಾದ ವಿಷಯಗಳ ಜೊತೆ ಸೇರಿಸಿಕೊಂಡೆ.

ಶಿವರಾತ್ರಿ ಹತ್ತಿರವಾದಂತೆ ಬಂಡೆಗಳು ಕಾಯತೊಡಗಿದವು. ಹತ್ತು ಗಂಟೆಯ ಹೊತ್ತಿಗೆ ಬರಿಗಾಲಿನ ಗ್ರಹವಾಸಿಗಳು ಕಾಲು ಎತ್ತಿಡುತ್ತ ಕುಣಿಯುತ್ತಿದ್ದರು. ಮುಖದ ಬಣ್ಣ ಕೊರಳಿಗೆ ಇಳಿಯುತ್ತಿತ್ತು. ಅಂಥ ಒಂದು ಬೆಳಿಗ್ಗೆ ಬರೆಯುವವರಿಂದ ಫೋನಿಗೆ ಕಥೆ ಬಂತು: ಶತ್ರುಗಳ ಕಿರಣ ತಾಗಿ ಹಿರಿಯ ಸಾಯುತ್ತಾನೆ.

ಕಿರಣ್ ಒಳ್ಳೆಯವನು. ಕೊಟ್ಟ ಮಾತು ಅವನಿಗೆ ನೆನಪಿತ್ತು. ಬಂಡೆಯ ನೆರಳಲ್ಲಿ ಅತ್ತಿತ್ತ ತಿರುಗಿ, ಕಡೆಗೆ ಮುಖ ಅರಳಿಸಿಕೊಂಡು ಬಂದ. "ಸಾಯೋದು ಬೇಡ. ಕಿರಣ ತಾಗಿದ ತಕ್ಷಣ ಹಿರಿಯರು ಧ್ಯಾನಕ್ಕೆ ಕೂತ್ಬಿಡ್ತಾರೆ. ನೂರು ವರ್ಷದ ಧ್ಯಾನ. ಜೀವ ಇದೆ, ಆದ್ರೆ ಏಳಲ್ಲ. ಜನ ಹೂ ತಂದು ಹಾಕ್ತಾರೆ. ಹೇಗಿದೆ?"

ಎಲ್ಲರೂ ಭೇಷ್ ಎಂದರು. ಅಮರೇಶಪ್ಪನವರನ್ನು ಬಂಡೆಗೆ ಒರಗಿಸಿ ಚಕ್ಕಳಮಕ್ಕಳ ಕೂರಿಸಿದರು. ಹಣೆಯ ತುಂಬ ವಿಭೂತಿ ಬಳಿದರು. ಕೊರಳಿಗೆ ಚೆಂಡುಹೂವಿನ ಹಾರ. ಬಹಳ ಹೊತ್ತು ಅಲುಗದೆ ಕೂರಬೇಕಲ್ಲ, ತಲೆ ವಾಲದಿರಲೆಂದು ಹಣೆಗೊಂದು ಪಟ್ಟಿ ಕಟ್ಟಿ ಹಿಂದಿನ ಬಂಡೆಯ ಸಂದಿಗೆ ಬಿಗಿದರು. ಕಣ್ಣು ಮುಚ್ಚಿಸಿದರು.

ಗುಡ್ಡದ ಮೇಲಿದ್ದ ನಮ್ಮ ಕಡೆಯವರೆಲ್ಲ ಒಮ್ಮೆಗೇ ಸುಮ್ಮನಾದೆವು. ನಮ್ಮಲ್ಲಿ ಲಿಂಗವಂತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ. ಹೀಗೆಯೇ ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ತಲೆ ವಾಲದಂತೆ ಬಟ್ಟೆ ಕಟ್ಟಿ ಕೂರಿಸುತ್ತಾರೆ. ಕೂತ ಹಾಗೆಯೇ ಮಣ್ಣಿಗೆ ಕಳಿಸುತ್ತಾರೆ. ಕಿರಣ್ ಕಟ್ಟಿದ್ದ ಧ್ಯಾನದಲ್ಲಿ ಒಂದೆಳೆಯೂ ತಪ್ಪಿರಲಿಲ್ಲ, ಅದು ಹೆಣ ಎನ್ನುವುದೊಂದನ್ನು ಬಿಟ್ಟು.

ನಾನು ಅವನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಅವನು ಗಾಬರಿಯಾಗಿ, "ಹಾಗಾದ್ರೆ ಬದಲಾಯಿಸೋಣ್ವಾ?" ಎಂದ. ಅಷ್ಟರಲ್ಲಿ ಹಿಂದಿನಿಂದ ಹಾಡು ಕೇಳಿತು. ಗ್ರಹವಾಸಿಗಳಾಗಿ ಬಂದಿದ್ದ ಮಸ್ಕಿಯ ಹೆಂಗಸರು, ಯಾರೂ ಹೇಳದೆಯೇ, ಹಿರಿಯರ ಸುತ್ತ ಕೂತು ಭಜನೆಯ ಪದ ಎತ್ತಿದ್ದರು. ಸಾವಿನ ಮನೆಯಲ್ಲಿ ಬೆಳತನಕ ಹಾಡುವ ಪದ. ನೀಲಿ ಬಟ್ಟೆ ಉಟ್ಟು, ಸುಡುವ ಬಂಡೆಯ ಮೇಲೆ, ಒಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕಿರಣ್ ನನ್ನ ಮಾತು ಮರೆತ. ಕ್ಯಾಮೆರಾದವನಿಗೆ ಕೈ ಮಾಡಿದ.

ಆ ದೃಶ್ಯವನ್ನು ಪುಟ್ಟ ಪರದೆಯಲ್ಲಿ ನೋಡುತ್ತಿದ್ದ ನನಗೆ ಒಂದು ಕಂಡಿತು. ಹೂವಿನ ಹಾರದ ಕೆಳಗೆ ಅಮರೇಶಪ್ಪನವರ ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಬಹಳ ಸಣ್ಣದು, ಹುಡುಕಿದರೆ ಮಾತ್ರ ಕಾಣುವಂಥದ್ದು. ಸತ್ತವರಾದರೆ ಇದು ತಪ್ಪು, ಮತ್ತೆ ತೆಗೆಯಬೇಕು. ಧ್ಯಾನವಾದರೆ ಸರಿ, ಹೀಗೇ ಇರಬೇಕು. ನನ್ನ ಕೆಲಸವೇ ಅದನ್ನು ಹೇಳುವುದು. ನನಗೆ ಹೇಳಲು ಬರಲಿಲ್ಲ. ಕಿರಣ್‌ಗೆ ತೋರಿಸಿದರೆ, "ಇರ್ಲಿ ಬಿಡಿ ಮೇಡಂ" ಎಂದ.

ಕಟ್ಟು ಬಿಚ್ಚಿದ ಮೇಲೆ ಅವರಿಗೆ ಮಜ್ಜಿಗೆ ಕೊಟ್ಟು ನಾನು ಸಿಟ್ಟಿನಿಂದಲೇ ಕೇಳಿದೆ. "ನಿಮಗ ಗೊತ್ತಿರಲಿಲ್ಲೇನ್ರಿ, ಹೆಂಗ ಕುಂದ್ರಿಸ್ಯಾರಂತ? ಗೌರಮ್ಮನವರಿಗೆ ಏನಂತೀರಿ?"

ಅವರು ಬಂಡೆಯ ಮೇಲೆ ಕೂತು ಹಣೆ ಒರೆಸಿಕೊಂಡರು. "ಗೊತ್ತಾತ್ರೀ ಟೀಚರ್ರ. ಹಣಿಗೆ ಪಟ್ಟಿ ಕಟ್ಟಿದಾಗ ಗೊತ್ತಾತು. ಏಳಬೇಕಂದೆ. ಮತ್ತ ಅನ್ನಿಸ್ತು, ಒಮ್ಮಿ ಕುಂತರ ನೋಡೂಣು ಅಂತ. ಆಪರೇಷನ್ನಿಗೆ ಮಲಗಿಸಿದ್ರಲ್ಲ, ಭಾಳ ಅಂಜಿಕಿ ಬಂದಿತ್ತು ನನಗ. ಇವತ್ತು ಕುಂತಾಗ ಬರಲಿಲ್ಲ. ಆ ಹೆಣ್ಮಕ್ಕಳು ಹಾಡಾಕತ್ತಿದ್ರು, ಬಂಡಿಗಲ್ಲು ಬೆನ್ನಿಗೆ ಬೆಚ್ಚಗಿತ್ತು. ಇಷ್ಟ ಇದ್ರ ಇರ್ಲಿ ಅನ್ನಿಸ್ತು." ಲೋಟ ಕೆಳಗಿಟ್ಟು, "ಅಕಿಗೆ ಇದನ್ನ ಹೇಳಬ್ಯಾಡ್ರಿ" ಎಂದರು. ನನಗೆ ಅಳು ಬಂತು, ಅದನ್ನು ತೋರಿಸಿಕೊಳ್ಳದೆ ಅವರ ಲೋಟ ತೊಳೆಯಲು ಎದ್ದೆ.

ಆ ಕಂತು ಬಂದ ಮರುದಿನ ರಾಜ್ಯ ಎರಡಾಯಿತು. ದಕ್ಷಿಣದ ಕಡೆಯ ಜನರಿಗೆ ಹಿರಿಯರು ಧ್ಯಾನದಲ್ಲಿದ್ದರು. ಯಾವಾಗ ಏಳುತ್ತಾರೆ ಎಂದು ವಾಹಿನಿಗೆ ಕೇಳುತ್ತಿದ್ದರಂತೆ. ನಮ್ಮ ಮೂರು ತಾಲೂಕುಗಳಲ್ಲಿ ಹಿರಿಯರು ಸತ್ತೇ ಹೋಗಿದ್ದರು. ಮಸ್ಕಿ ಬಜಾರಿನಲ್ಲಿ ಅಂಗಡಿ ತೆರೆದು ಕೂತಿದ್ದ ಅಮರೇಶಪ್ಪನವರಿಗೆ, "ಮಣ್ಣು ಯಾವಾಗರೀ?" ಎಂದು ಗೆಳೆಯರು ಕಾಡಿಸಿದರು. ಅವರಿಗೆ ನಗು. ಆದರೆ ಮುಕ್ಕುಂದದಿಂದ ಗೌರಮ್ಮನವರ ಸೋದರತ್ತೆ, ಕಣ್ಣು ಮಂಜಾದ ಮುದುಕಿ, ಯಾರದೋ ಬೈಕಿನ ಹಿಂದೆ ಕೂತು ಅಳುತ್ತಲೇ ಬಂದಿಳಿದರು. ಟಿ.ವಿ.ಯಲ್ಲಿ ಅಳಿಯನನ್ನು ಕಂಡಿದ್ದರು, ಭಜನೆ ಕೇಳಿದ್ದರು, ಇನ್ನೇನು ಬೇಕು. ಅಮರೇಶಪ್ಪನವರೇ ಕೈ ಹಿಡಿದು ಒಳಗೆ ಕರೆದುಕೊಂಡರೂ ಅತ್ತೆಗೆ ಬಹಳ ಹೊತ್ತು ನಂಬಿಕೆ ಬರಲಿಲ್ಲವಂತೆ.

ಮರುದಿನ ಗೌರಮ್ಮ ಸಿಂಧನೂರಿನ ಗಿರಣಿಗೆ ಬಂದರು, ಬುತ್ತಿ ಇಲ್ಲದೆ. ನೌಕೆಯ ಬಾಗಿಲಲ್ಲಿ ನಿಂತು ಕಿರಣ್‌ನನ್ನು ನೋಡಿದರು, ಅವನೊಡನೆ ಮಾತೇ ಆಡಲಿಲ್ಲ. ನನ್ನ ಕಡೆ ತಿರುಗಿದರು.

"ತಂಗಿ, ನೀ ನಮ್ಮ ಕಡೆಯಾಕಿ. ಇವರದು ನನಗ ತಿಳಿಯಂಗಿಲ್ಲ. ನನ್ನ ಗಂಡ ಸತ್ತಾರೋ ಬದುಕ್ಯಾರೋ, ಅಷ್ಟ ಹೇಳು."

ನಾನು ಕಿರಣ್ ಮುಖ ನೋಡಿದೆ. "ಬದುಕಿದ್ದಾರೆ ಅಮ್ಮ" ಎಂದ ಅವನು. ಅದೇ ಹೊತ್ತಿಗೆ ಬರೆಯುವವರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಆ ಕಡೆಯ ದನಿ, "ಅದನ್ನ ಈಗ್ಲೇ ಫಿಕ್ಸ್ ಮಾಡೋದು ಬೇಡ, ಜನಕ್ಕೆ ಕನ್‌ಫ್ಯೂಷನ್ ಇಷ್ಟ ಆಗ್ತಿದೆ" ಎಂದಿತು.

"ಹಂಗಾರ ಎಬ್ಬಸ್ರಿ. ಒಮ್ಮಿ ಎಬ್ಬಸಿ ತೋರಸ್ರಿ. ಕುಂದ್ರಿಸಿದ್ದು ಊರಿಗೆಲ್ಲ ತೋರಿಸೀರಿ, ಎದ್ದದ್ದು ಯಾರಿಗೂ ತೋರಿಸಿಲ್ಲ. ಮನ್ಯಾಗ ಅವರು ನಿದ್ದಿ ಹತ್ತಿದಾಗ ನಾ ಮೂಗಿನ ಮುಂದ ಕೈ ಹಿಡದು ನೋಡಾಕತ್ತೀನಿ, ಗೊತ್ತೈತೇನು ನಿಮಗ?" ದನಿ ಏರಿಸಲಿಲ್ಲ ಅವರು. ಏರಿಸಿದ್ದರೆ ಚೆನ್ನಾಗಿತ್ತು.

ಕಿರಣ್ ಮುಂದಿನ ವಾರ ಎಬ್ಬಿಸುತ್ತೇವೆ ಎಂದ. ಮುಂದಿನ ವಾರ ಬಿಸಿಲಿಗೆ ಕ್ಯಾಮೆರಾ ಕೆಟ್ಟಿತು. ಆಮೇಲೆ ನಾಯಕಿ ಜ್ವರ ಬಂದು ಊರಿಗೆ ಹೋದಳು. ಯುಗಾದಿಗೆ ಮೊದಲು, ಬಂಡೆ ಮುಟ್ಟಲಾಗದಂತೆ ಕಾದು, ಎಲ್ಲರೂ ಗಂಟುಮೂಟೆ ಕಟ್ಟಿದರು. ಮುಂದಿನ ಸಲ ಬಂದಾಗ ಮೊದಲ ದೃಶ್ಯವೇ ಅದು ಎಂದರು. ಮುಂದಿನ ಸಲ ಅವರು ಬರಲೇ ಇಲ್ಲ. ಹೊಸ ಗ್ರಹ ಬೇರೆಲ್ಲೋ ಸಿಕ್ಕಿತು. ಆದರೆ ಹಿರಿಯರು ಬಂಡೆಗೆ ಒರಗಿ ಕೂತ ಆ ತುಣುಕನ್ನು ವರ್ಷ ವರ್ಷವೂ ಬಳಸಿದರು. ಗ್ರಹಕ್ಕೆ ಕಷ್ಟ ಬಂದಾಗಲೆಲ್ಲ ಯಾರೋ ಅವರ ಮುಂದೆ ಕೈ ಮುಗಿಯುತ್ತಾರೆ, ಅವರು ಏಳುವುದಿಲ್ಲ. ನಾನು ಮತ್ತೆ ಕಾಲೇಜಿಗೆ ಹೋದೆ. ದಾರಿಯಲ್ಲಿ ಮಸ್ಕಿ ಬಂದಾಗ ಅಂಗಡಿಯಲ್ಲಿ ಅಮರೇಶಪ್ಪ ಬಟ್ಟೆ ಅಳೆಯುವುದು ಬಸ್ಸಿನಿಂದಲೇ ಕಾಣುತ್ತಿತ್ತು. ಹೋದ ವರ್ಷದವರೆಗೆ ಕಂಡಿತು.

ಮಸ್ಕಿಯಲ್ಲಿ ಇಳಿದು ಮನೆಗೆ ಹೋದಾಗ ಗೌರಮ್ಮ ಕಡಲೆಕಾಯಿ ಸುಲಿಯುತ್ತಿದ್ದರು. ಬಾ ತಂಗಿ ಎಂದು ಚಾಪೆ ಹಾಸಿದರು. ನಾನು ನೀರು ಕುಡಿದು, ಸುತ್ತಿ ಬಳಸದೆ ಹೇಳಿದೆ: ಅವರನ್ನ ಎಬ್ಬಿಸುತ್ತಾರಂತೆ, ನೀವು ಹೂಂ ಅನ್ನಬೇಕು.

ಅವರ ಕೈ ನಿಂತಿತು. "ಎದ್ದು?"

"ನಡೀತಾರಂತ್ರಿ. ಮಾತಾಡ್ತಾರಂತ."

"ಏನ್ ಮಾತಾಡ್ತಾರ?"

"ಅದನ್ನ ಬರದು ಕೊಡ್ತಾರ."

"ದನಿ?"

"ಅದನ್ನೂ ಕಂಪ್ಯೂಟರಿನ್ಯಾಗ ಮಾಡ್ತಾರಂತ. ಥೇಟ್ ಅವರದ ಇದ್ದಂಗ."

ಗೌರಮ್ಮ ಕಡಲೆಕಾಯಿ ಬದಿಗಿಟ್ಟರು. ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡಿಸಿದರು. "ಮನ್ಯಾಗ ಖರೇನ ಕುಂದ್ರಿಸಿದ ದಿನ ನನಗ ಹೊಸದು ಅನ್ನಿಸಲಿಲ್ಲವ್ವ. ಒಮ್ಮಿ ನೋಡಿದ್ನಲ್ಲ. ಎಲ್ಲಾರೂ ಅಂದ್ರು, ಗೌರಮ್ಮ ಭಾಳ ಗಟ್ಟಿ ಅಂತ. ಅವರಿಗೇನು ಗೊತ್ತು." ಆಮೇಲೆ ಗಡಿಯಾರ ನೋಡಿ ಎದ್ದು ಟಿ.ವಿ. ಹಾಕಿದರು. ಸಂಜೆಯ ಆ ಹೊತ್ತಿಗೆ ಹಳೆಯ ಕಂತುಗಳನ್ನು ಮತ್ತೆ ತೋರಿಸುತ್ತಾರಂತೆ.

ನಾವಿಬ್ಬರೂ ಕೂತು ನೋಡಿದೆವು. ನೌಕೆ ಸದ್ದು ಮಾಡುತ್ತ ಹೋಯಿತು. ನಾಯಕಿಯ ಪಟ್ಟಿ ಎಡಗೈಯಿಂದ ಬಲಗೈಗೆ ಹೋದದ್ದು ಕಂಡು ನನಗೆ ಹಳೆಯ ಸಿಟ್ಟು ಬಂತು. ಆಮೇಲೆ ಬಂಡೆಗುಡ್ಡ ಬಂತು, ಹೆಂಗಸರ ಪದ ಕೇಳಿತು, ಅಮರೇಶಪ್ಪ ಕಂಡರು. ಗೌರಮ್ಮ ಪರದೆಯ ಹತ್ತಿರ ಸರಿದು, ಚೆಂಡುಹೂವಿನ ಹಾರದ ಕೆಳಗೆ ಬೆರಳಿಟ್ಟರು.

"ನೋಡಿಲ್ಲಿ. ಉಸುರು ಆಡಾಕತ್ತೈತಿ."

"ನನಗ ಗೊತ್ತೈತ್ರಿ" ಎಂದೆ.

"ಇದು ಅವರ ಉಸುರು. ಯಾರೂ ಬರದು ಕೊಟ್ಟಿದ್ದಲ್ಲ, ಮಷಿನ್ನ್ಯಾಗ ಮಾಡಿದ್ದಲ್ಲ. ಅವತ್ತು ಎಬ್ಬಸ್ರಿ ಅಂತ ನಿಮ್ಮ ಬೆನ್ನು ಹತ್ತಿದಾಕಿ ನಾನ. ಈಗ ಎಬ್ಬಿಸಬ್ಯಾಡಂತ ಹೇಳು. ಎದ್ದು ಬರಾವರು ಇವರಲ್ಲ. ಕುಂತಿರ್ಲಿ."

ಬಸ್ ನಿಲ್ದಾಣದಿಂದ ಕಿರಣ್‌ಗೆ ಫೋನು ಮಾಡಿ, ಅವರು ಒಪ್ಪಲಿಲ್ಲ ಎಂದೆ. ಅವನು ನಿಟ್ಟುಸಿರು ಬಿಟ್ಟು, "ಹಾಗಾದ್ರೆ ಕ್ಲಿಯರ್ ಆಗಿ ಹೇಳಿ ಮೇಡಂ, ಕಥೇಲಿ ಏನಂತ ಇಟ್ಕೊಳ್ಳೋಣ? ಹಿರಿಯರು ಸತ್ತಿದ್ದಾರಾ, ಇದ್ದಾರಾ?" ಎಂದು ಕೇಳಿದ.

"ಉಸಿರಾಡುತ್ತಿದ್ದಾರೆ" ಎಂದೆ, ಮತ್ತು ಸಿಂಧನೂರಿನ ಬಸ್ಸು ಹತ್ತಿದೆ.